ಅರೆಯದ ಕಲ್ಲು

ಹೇಳಿ ನೋಡೋಣ, ಆ ಊರಿಗೆ ಏನಾಗಿತ್ತು? ಸಂಜೆಯ ಹೊತ್ತಿಗೆ ಇಡೀ ಊರಿನಲ್ಲಿ ನೆಟ್ಟಗೆ ನಿಲ್ಲಬಲ್ಲ ಕಾಲು ಹುಡುಕಿದರೂ ಸಿಗುತ್ತಿರಲಿಲ್ಲ. ಕುಂಬಾರ ತನ್ನ ಹಲ್ಲುಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ತನ್ನ ಮನೆಗೆ ತಾನೇ ದಾರಿ ಕೇಳುತ್ತಿದ್ದ. ಮದುವೆಯಾಗಿ ಅರಿಶಿನ ಆರದ ಹೆಣ್ಣೊಬ್ಬಳು ಬಾವಿಕಟ್ಟೆಯ ಮೇಲೆ ಕೂತು ಗಂಡನ ಕಿವಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ದಂಡು ಬಂದಿತ್ತು ಅಂತೀರಾ? ಯಾವ ದಂಡೂ ಬಂದಿರಲಿಲ್ಲ. ಕಳ್ಳರು? ಆ ಊರಿನ ಬಾಗಿಲುಗಳಿಗೆ ಚಿಲಕವೇ ಇರಲಿಲ್ಲ. ಭೂಕಂಪ? ಒಂದು ಹೆಂಚೂ ಜರುಗಿರಲಿಲ್ಲ. ಸೋತಿರಾ? ಸೋಲಲಿ ಅಂತಲೇ ಕೇಳಿದ್ದು ಬಿಡಿ. ಅಲ್ಲಿ ಆದದ್ದು ಇಷ್ಟೇ: ಒಂದು ಹಳೆಯ ಕಲ್ಲಚ್ಚಿನ ಯಂತ್ರವನ್ನು ಊರಿನವರು ಬಹಳ ಪ್ರೀತಿಯಿಂದ ಕಾಪಾಡಿಕೊಂಡು ಬಂದಿದ್ದರು.

ಊರಿನ ಹೆಸರು ಬೇಡ. ಹೆಸರು ಹೇಳಿದರೆ ನಿಮ್ಮ ಪಕ್ಕದೂರು ಅಂದುಕೊಳ್ಳುತ್ತೀರಿ. ಬಹಳ ಸಾಧು ಊರು ಅದು. ಅಲ್ಲಿ ಎತ್ತಿಗೆ ಬಾರುಕೋಲಿರಲಿಲ್ಲ, ಮಕ್ಕಳಿಗೆ ಬೆತ್ತವಿರಲಿಲ್ಲ. ಸಂತೆಯಲ್ಲಿ ಒಬ್ಬ ಇನ್ನೊಬ್ಬನ ಕಾಲು ತುಳಿದರೆ ತುಳಿದವನೂ ತುಳಿಸಿಕೊಂಡವನೂ ಇಬ್ಬರೂ ಕೈ ಮುಗಿಯುತ್ತಿದ್ದರು. ಈ ಸಾಧುತನವೆಲ್ಲ ಎಲ್ಲಿಂದ ಬಂತು ಅಂದರೆ, ಚಾವಡಿಯಲ್ಲಿದ್ದ ಆ ಯಂತ್ರದಿಂದ.

ಕಬ್ಬಿಣದ ಮೈ, ತೇಗದ ಹಾಸು, ಪಕ್ಕದಲ್ಲಿ ಬಂಡಿಯ ಚಕ್ರದಷ್ಟು ದೊಡ್ಡ ತಿರುಗುಗಾಲಿ, ನಡುವೆ ಹಳೇ ಬೆಣ್ಣೆಯ ಬಣ್ಣದ ಚಪ್ಪಟೆ ಕಲ್ಲು. ಕಲ್ಲಚ್ಚು ಅಂದರೆ ಮೊಳೆ ಜೋಡಿಸುವ ಅಚ್ಚಲ್ಲ. ಜಿಡ್ಡಿನ ಕಡ್ಡಿಯಿಂದ ಕಲ್ಲಿನ ಮೇಲೆ ಚಿತ್ರ ಬರೆಯಬೇಕು, ಕನ್ನಡಿಯಲ್ಲಿ ಕಂಡ ಹಾಗೆ, ಎಡ ಬಲಕ್ಕೆ ಬಲ ಎಡಕ್ಕೆ. ಆಮೇಲೆ ಕಲ್ಲಿಗೆ ನೀರು ಸವರಿ ಮಸಿ ಉರುಳಿಸಬೇಕು. ನೀರು ಕುಡಿದ ಕಲ್ಲು ಮಸಿಯನ್ನು ಬೇಡ ಅನ್ನುತ್ತದೆ, ಜಿಡ್ಡಿನ ಗೆರೆ ಬಾ ಅನ್ನುತ್ತದೆ. ಮೇಲೆ ಕಾಗದ ಹಾಸಿ ಗಾಲಿ ತಿರುಗಿಸಿದರೆ ಚಿತ್ರ ಕಾಗದಕ್ಕೆ ಇಳಿಯುತ್ತದೆ. ಕೆಲಸವಾದ ಮೇಲೆ ಮರಳು ನೀರು ಹಾಕಿ ಇನ್ನೊಂದು ಕಲ್ಲಿನಿಂದ ಅರೆದರೆ ಚಿತ್ರ ಹೋಗುತ್ತದೆ. ಹೋಗುತ್ತದೆ ಅಂತ ಆ ಊರಿನವರು ನಂಬಿದ್ದರು.

ಆ ಕಲ್ಲಿನ ಮೇಲೆ ಅವರು ಬರೆಸುತ್ತಿದ್ದದ್ದು ಮುಖ. ಊರಿನ ಕಟ್ಟಳೆ ಒಂದೇ: ಬಾಗಿಲ ಮೇಲೆ ಯಾರ ಮುಖವೋ ಅವರ ಮೈ ಊರಿನದು, ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ.

ಯಾರ ಮುಖ ಅನ್ನುವುದನ್ನು ಊರಿನ ಯಜಮಾನರು ಹೇಳುತ್ತಿದ್ದರು. ಹಿಂದಿನ ಸಂಜೆ ಮುಖ ಕಲ್ಲಿನಿಂದ ಏಳುತ್ತಿತ್ತು, ಮನೆಮನೆಯ ಬಾಗಿಲಿಗೂ ಗಂಜಿಯಲ್ಲಿ ಅಂಟುತ್ತಿತ್ತು. ಬೆಳಿಗ್ಗೆ ಜನ ಬಾಗಿಲು ತೆರೆದು ಮುಖ ನೋಡುತ್ತಿದ್ದರು, ಮುಖದವನನ್ನು ಹುಡುಕಿಕೊಂಡು ಹೋಗುತ್ತಿದ್ದರು. ವರ್ಷಗಟ್ಟಲೆ ಮುಗಿದ ಕೈಗಳು ಅಂದು ಬಿಚ್ಚುತ್ತಿದ್ದವು. ಒನಕೆ, ಸೌದೆ, ಹಾರೆ, ಏನೂ ಸಿಗದಿದ್ದರೆ ಹಲ್ಲು. ಸೂರ್ಯ ಮುಳುಗಿದೊಡನೆ ಡೋಲು, ಡೋಲು ಕೇಳಿದೊಡನೆ ಕೈಯಲ್ಲಿದ್ದದ್ದು ನೆಲಕ್ಕೆ. ಕತ್ತಲಾಗುವುದರೊಳಗೆ ಮುಗಿಯಲಿ ಎಂದು ಅವಸರ ಅವಸರವಾಗಿ ಕಲ್ಲು ಅರೆಯುತ್ತಿದ್ದರು. ಚಾವಡಿಯ ಗೋಡೆಯಲ್ಲಿ ದಿನಕ್ಕೊಂದು ಹಾಳೆಯ ಪಂಚಾಂಗ ತೂಗುತ್ತಿತ್ತು. ಕಳೆದ ದಿನಗಳನ್ನೆಲ್ಲ ಕಿತ್ತು ತಂತಿಗೆ ಚುಚ್ಚುವುದು ವಾಡಿಕೆ. ಆ ದಿನದ ಹಾಳೆ ಮಾತ್ರ ತಂತಿಗೆ ಹೋಗುತ್ತಿರಲಿಲ್ಲ. ಯಜಮಾನರು ಮರುಬೆಳಿಗ್ಗೆ ಅದನ್ನು ಕಿತ್ತು, ನೀರಿನಲ್ಲಿ ಅದ್ದಿ, ಅಗಿದು ನುಂಗುತ್ತಿದ್ದರು. ಯಜಮಾನರ ಹೊಟ್ಟೆಯಲ್ಲಿ ಮಾತ್ರ ದಿನ ಕರಗುತ್ತದೆ, ಬೇರೆಯವರಿಗೆ ಜೀರ್ಣವಾಗುವುದಿಲ್ಲ ಅಂತ ನಂಬಿಕೆ. ನುಂಗಿದರೆ ಮುಗಿಯಿತು, ಆ ದಿನ ಬಂದೇ ಇರಲಿಲ್ಲ. ಮಂಗಳವಾರದ ಮರುದಿನ ಗುರುವಾರ ಅಂತ ಆ ಊರಿನವರು ಎಷ್ಟು ಸಲೀಸಾಗಿ ಹೇಳುತ್ತಿದ್ದರು ಗೊತ್ತೇ!

ಏಟು ತಿಂದವನು ಬದುಕಿದ್ದರೆ, ಹೊಡೆದವರೇ ಬಿಸಿ ಉಪ್ಪಿನ ಗಂಟು, ಹರಳೆಣ್ಣೆ ಹಿಡಿದುಕೊಂಡು ಬರುತ್ತಿದ್ದರು.

"ಏನ್ರೀ, ಬಿದ್ರಾ?"

"ಹೂಂ, ಬಿದ್ದೆ."

"ನೋಡ್ಕೊಂಡು ನಡೀಬಾರದೇ?"

ಇಷ್ಟೇ ಮಾತು. ಬದುಕದವರನ್ನು ಜಾರಿ ಹೋದರು ಅನ್ನುತ್ತಿದ್ದರು.

ಈಗ ಅಚ್ಚಿನವಳ ವಿಷಯಕ್ಕೆ ಬರೋಣ, ಈ ಕಥೆ ಅವಳದೇ. ಅವಳ ಅಪ್ಪ ಆ ಯಂತ್ರದ ಅಚ್ಚಿನವನಾಗಿದ್ದ. ಒಂದು ಸಂಜೆ ಯಜಮಾನರು ಅವನ ಮುಖವನ್ನೇ ಕೇಳಿದರು. ಯಾಕೆ ಅಂತ ಯಾರೂ ಕೇಳಲಿಲ್ಲ, ಕೇಳುವ ಪದ್ಧತಿಯಿರಲಿಲ್ಲ. ಅವನು ಕನ್ನಡಿ ಇಟ್ಟುಕೊಂಡು ತನ್ನ ಮುಖ ತಾನೇ ಬರೆದ, ತಾನೇ ಒತ್ತಿದ, ಒಣಗಲು ತಾನೇ ಹರವಿದ. ಮರುದಿನ ಅವಳು, ಆಗಿನ್ನೂ ಚಿಕ್ಕವಳು, ಕಣಜದ ಹಿಂದೆ ಅಡಗಿ ನೋಡಿದಳು. ದಿನಾ ಸಂಜೆ ತನಗೆ ಕಡಲೆ ಬೆಲ್ಲ ಕೊಡುವ ಎದುರುಮನೆಯ ಅಜ್ಜಿ ಬಂದಳು. ಅಪ್ಪನ ಬಲಗೈಯನ್ನು ಒರಳಕಲ್ಲಿನ ಮೇಲೆ ಇಡಿಸಿದಳು. ಒನಕೆ ಎತ್ತಿದಳು. ಭತ್ತ ಕುಟ್ಟುವಾಗ ಬಿಡುತ್ತಾರಲ್ಲ, ಅದೇ ಉಸಿರು. ಹೂಂ. ಹೂಂ. ಹೂಂ. ಮರುಬೆಳಿಗ್ಗೆ ಅದೇ ಅಜ್ಜಿ ಉಪ್ಪಿನ ಗಂಟು ತಂದಳು. ಅಪ್ಪ "ಬಿದ್ದೆ" ಅಂದ. ಮಗಳು ಕೇಳಿದಾಗಲೂ ಬಿದ್ದೆ ಅಂದ. ಸಾಯುವಾಗ ಬಾಯಿಗೆ ನೀರು ಬಿಟ್ಟರೆ, ಕೊನೆಯ ಗುಟುಕಿನ ಜೊತೆ ಅದೇ ಮಾತು.

ಸಾಯುವುದಕ್ಕೆ ಮುಂಚೆ ಅವನು ಎಡಗೈಯಲ್ಲಿ ತೋರಿಸಿ ತೋರಿಸಿ ಮಗಳಿಗೆ ಕೆಲಸ ಕಲಿಸಿದ್ದ. ಒಂದು ಮಾತನ್ನು ಮಾತ್ರ ಬಿಡದೆ ಹೇಳುತ್ತಿದ್ದ: "ಹುಳಿ ಮುಟ್ಟಿದ ಕೈಯಲ್ಲಿ ಕಲ್ಲು ಮುಟ್ಟಬೇಡ ಮಗಳೇ. ಹುಳಿ ಬಿದ್ದರೆ ಕಲ್ಲಿಗೆ ಹಳೇದೆಲ್ಲ ನೆನಪಾಗುತ್ತೆ."

ಅವನದೇ ಕೊನೆಯ ಮುಖ. ಆ ಯಜಮಾನರು ಹೋದರು, ಹೊಸಬರು ಬಂದರು. ಹೊಸ ಯಜಮಾನರು ಓದಿಕೊಂಡವರು, ಶಾಲು ಹೊದೆಯುವವರು. "ನಾವು ಮುಂದುವರಿದಿದ್ದೇವೆ. ಇನ್ನು ಮುಖ ಬೇಡ. ಆದರೆ ಯಂತ್ರ ನಮ್ಮ ಹಿರಿಯರ ಆಸ್ತಿ, ಅದನ್ನು ಉಳಿಸಿಕೊಳ್ಳಬೇಕು" ಅಂದರು. ಯಂತ್ರದ ಸುತ್ತ ಕೆಂಪು ಹಗ್ಗ ಬಂತು. ಹಿತ್ತಾಳೆಯ ತಿರುಪುಗಳಿಗೆ ದಿನಾ ನಿಂಬೆಹಣ್ಣು ಹಾಕಿ ಹೊಳಪು. ಪರಊರಿನವರು ನೋಡಲು ಬರತೊಡಗಿದರು. ಬಂದವರಿಗೆಲ್ಲ ಅಚ್ಚಿನವಳು ಒಂದು ಗಿಣಿಯ ಚಿತ್ರ ಒತ್ತಿಕೊಡುತ್ತಿದ್ದಳು. ಮತ್ತೊಂದು ಕಟ್ಟಪ್ಪಣೆ: ಕಲ್ಲನ್ನು ಇನ್ನು ಅರೆಯಕೂಡದು. ಅರೆದು ಅರೆದು ಕಲ್ಲು ರೊಟ್ಟಿಯಷ್ಟು ತೆಳ್ಳಗಾಗಿದೆ, ಪರಂಪರೆ ಸವೆಯುತ್ತಿದೆ! ಆದ್ದರಿಂದ ಅವಳು ಗಿಣಿಯ ಮಸಿಯನ್ನು ಸೀಮೆಎಣ್ಣೆಯಲ್ಲಿ ಒರೆಸುತ್ತಿದ್ದಳು, ಅಷ್ಟೆ. ಗಿಣಿಯ ಅಡಿಯಲ್ಲಿ ಅಪ್ಪನ ಮುಖ, ಅಪ್ಪನ ಅಡಿಯಲ್ಲಿ ಅವನಿಗಿಂತ ಮೊದಲು ಬಿದ್ದವರು, ಎಲ್ಲರೂ ಕಲ್ಲಿನೊಳಗೆ ಹಾಗೇ ಮಲಗಿದ್ದರು.

ಬಂದವರಿಗೆ ಯಂತ್ರ ತೋರಿಸುವ ಕೆಲಸ ಅವಳ ತಮ್ಮನದು. ಅಪ್ಪ ಬಿದ್ದ ವರ್ಷ ಹುಟ್ಟಿದವನು. ಸೊಟ್ಟ ಮೂಗು, ಬಿಚ್ಚು ಬಾಯಿ. ಒಂದು ದಿನ ಪರಊರಿನ ಹೆಂಗಸೊಬ್ಬಳು ಗಿಣಿ ಹಿಡಿದುಕೊಂಡು, "ಅಲ್ಲಪ್ಪ, ಇಷ್ಟು ದೊಡ್ಡ ಯಂತ್ರ ಒಂದು ಗಿಣಿಗೋಸ್ಕರ ಕಟ್ಟಿದರೇ?" ಅಂದಳು.

"ಗಿಣಿ ಈಚೆಗೆ ಬಂದದ್ದು ತಾಯಿ," ಅಂದ ತಮ್ಮ. "ಮೊದಲು ಇದರಲ್ಲಿ ಮುಖ ಬರುತ್ತಿತ್ತು. ನಮ್ಮಪ್ಪನ ಮುಖವೂ ಬಂತು. ಆಮೇಲೆ ಈ ಊರಿನವರು ಅವನನ್ನು ಹೊಡೆದರು."

ಹೊಡೆದರು! ಆ ಮಾತು ಆ ಊರಿನಲ್ಲಿ ಹುಟ್ಟಿಯೇ ಇರಲಿಲ್ಲ. ಚಾವಡಿಯಲ್ಲಿದ್ದ ತಾಯಂದಿರು ಮಕ್ಕಳ ಕಿವಿ ಮುಚ್ಚಿದರು. ಒಬ್ಬ ಮುದುಕ ವಾಂತಿ ಮಾಡಿಕೊಂಡ.

ಸಂಜೆಯೊಳಗೆ ತಮ್ಮನನ್ನು ಚಾವಡಿಯ ಮುಂದಿನ ಕಂಬಕ್ಕೆ ಕಟ್ಟಿದ್ದರು. ಮೆತ್ತಗೆ, ನೋಯದ ಹಾಗೆ, ಸಾಧು ಜನರಲ್ಲವೇ. ಊರೆಲ್ಲ ಸೇರಿತ್ತು. ಮುಷ್ಟಿಗಳು ಒಳಗೊಳಗೇ ಜುಮ್ಮೆನ್ನುತ್ತಿದ್ದವು.

"ಒಂದೇ ಒಂದು ಸಲ," ಅಂದರು ಯಜಮಾನರು ಶಾಲು ಸರಿಮಾಡಿಕೊಳ್ಳುತ್ತ. "ಪರಂಪರೆ ಅಂದಮೇಲೆ ಬರೀ ಹೊಳಪು ಕೊಟ್ಟು ನೋಡುವುದಕ್ಕೆಯೇ? ನಮ್ಮ ಮಕ್ಕಳಿಗೂ ಗೊತ್ತಾಗಬೇಡವೇ, ಹಿರಿಯರು ಹೇಗೆ ಬಾಳಿದರು ಅಂತ? ಏನಮ್ಮಾ, ಮುಖ ಬರಿ."

"ಅವನು ನನ್ನ ತಮ್ಮ, ಯಜಮಾನ್ರೇ."

"ಗೊತ್ತಮ್ಮಾ. ಅದಕ್ಕೇ ನಿನ್ನ ಕೈಯಲ್ಲಿ ಚೆನ್ನಾಗಿ ಬರುತ್ತೆ."

"ಬರೆಯದಿದ್ದರೆ?"

"ಯಂತ್ರದ ಬಳಿ ಕೂತವರು ಬರೆಯದಿದ್ದರೆ ಅವರ ಮುಖ ಬೇರೆಯವರು ಬರೀತಾರೆ, ಪದ್ಧತಿ. ಸೊಟ್ಟಪಟ್ಟ ಬಂದರೂ ನಡೆಯುತ್ತೆ. ಆಗ ಇಬ್ಬರೂ ಬೀಳ್ತೀರಿ. ಯಾಕಮ್ಮಾ ಸುಮ್ಮನೆ?"

ಅವಳು ಕಲ್ಲಿನ ಮುಂದೆ ಕೂತಳು. ಅಪ್ಪನ ಕೈ ಒರಳಿನ ಮೇಲೆ ಹೇಗೆ ಹರಡಿಕೊಂಡಿತ್ತು ಅನ್ನುವುದು ಕಣ್ಣಿಗೆ ಬಂತು. ತಮ್ಮನ ಕೈ, ತಮ್ಮನ ತಲೆ, ತಮ್ಮನ ಬಿಚ್ಚು ಬಾಯಿ. ಇವನು ಎಷ್ಟು ಹೊಡೆದರೂ ಬಿದ್ದೆ ಅನ್ನುವವನಲ್ಲ. ಅನ್ನದಿದ್ದರೆ ಜಾರಿ ಹೋಗುವವರೆಗೆ ಬಿಡುವವರಲ್ಲ.

"ಕಲ್ಲು ಅರೆಯಬೇಕು, ಯಜಮಾನ್ರೇ. ಅರೆಯದೆ ಬರೆದರೆ ಸರಿಯಾಗಿ ಬರೋದಿಲ್ಲ."

"ಅರೆಯಬಾರದು!" ಯಜಮಾನರು ಹಗ್ಗದ ಆಚೆಯಿಂದಲೇ ಬೆಚ್ಚಿದರು. "ಮುಖ ಬೇಕು, ಕಲ್ಲೂ ಬೇಕು."

ಅವಳು ಹಿತ್ತಾಳೆ ಉಜ್ಜಲು ಇಟ್ಟಿದ್ದ ಬುಟ್ಟಿಯಿಂದ ನಿಂಬೆಹಣ್ಣು ತೆಗೆದು, ಹೆಚ್ಚಿ, ಕಲ್ಲಿನ ಮೇಲೆ ಹಿಂಡಿದಳು. ಒಂದಾದ ಮೇಲೊಂದು, ಬುಟ್ಟಿ ಬರಿದಾಗುವವರೆಗೆ. ಅವಳ ಲೆಕ್ಕ ಇಷ್ಟು: ಹಳಬರೆಲ್ಲ ಎದ್ದು ಬರಲಿ, ತಮ್ಮನ ಮುಖ ಆ ಗುಂಪಿನಲ್ಲಿ ಮುಳುಗಿಹೋಗಲಿ. ಯಾರ ಮುಖವೂ ಅಲ್ಲದ ಮುಖ ಬಾಗಿಲ ಮೇಲೆ ಬಂದರೆ ಯಾರನ್ನು ಹೊಡೆಯುತ್ತಾರೆ?

"ಇದೇನಮ್ಮಾ ಇದು?"

"ಹಿರಿಯರ ಪದ್ಧತಿ," ಅಂದಳು.

ಪದ್ಧತಿ ಅಂದಮೇಲೆ ಯಜಮಾನರು ಒಂದು ಹೆಜ್ಜೆ ಹಿಂದೆ ಸರಿದು ಕೈ ಮುಗಿದರು.

ಕಲ್ಲು ತೊಳೆದು ಒಣಗಿಸಿ ಅವಳು ಬರೆಯತೊಡಗಿದಳು. ಕಂಬದಿಂದ ತಮ್ಮ ಕೂಗಿದ: "ಅಕ್ಕಾ, ಮೂಗು ಸ್ವಲ್ಪ ನೆಟ್ಟಗೆ ಬರಿಯೇ. ಒಂದು ದಿನವಾದರೂ ಊರಿನವರ ಕಣ್ಣಿಗೆ ಚೆನ್ನಾಗಿ ಕಾಣ್ತೀನಿ."

"ಬಾಯಿ ಮುಚ್ಚೋ," ಅಂದಳು. ಮೂಗನ್ನು ಸೊಟ್ಟಗೇ ಬರೆದಳು.

ನೀರು ಸವರಿದಳು. ಮಸಿ ಉರುಳಿಸಿದಳು. ತಮ್ಮನ ಕಣ್ಣು ಕಪ್ಪಾಯಿತು, ಸೊಟ್ಟ ಮೂಗು ಕಪ್ಪಾಯಿತು. ಆಮೇಲೆ ಬರೆಯದ ಕಡೆಯೂ ಕಪ್ಪು ಏಳತೊಡಗಿತು. ಮೊದಲು ಗಿಣಿಯ ಕೊಕ್ಕು. ಕೊಕ್ಕಿನ ಹಿಂದೆ ಅಪ್ಪನ ಹುಬ್ಬು. ಹುಬ್ಬಿನ ಹಿಂದೆ ಯಾವುದೋ ಮುದುಕಿಯ ಗದ್ದ, ಯಾವನೋ ಜಟ್ಟಿಯ ಮೀಸೆ, ಹೆಸರು ಮರೆತವರ ಹಣೆ, ಹೆಸರೇ ಇಲ್ಲದವರ ತುಟಿ. ಮುಖದ ಮೇಲೆ ಮುಖ, ಮುಖದೊಳಗೆ ಮುಖ, ಎಲ್ಲ ಸೇರಿ ಒಂದೇ ಮುಖ. ಅವಳು ಕಾಗದ ಹಾಸಿ ಗಾಲಿ ತಿರುಗಿಸಿದಳು. ಮನೆಗೊಂದು ಬೇಕಲ್ಲ, ತಿರುಗಿಸುತ್ತಲೇ ಹೋದಳು. ಬೆಳಕು ಮಂಕಾಗಿತ್ತು, ಊರಿನವರಿಗೆ ಬಾಗಿಲಿಗೆ ಅಂಟಿಸುವ ಅವಸರ, ಯಾರೂ ಕಣ್ಣಿಟ್ಟು ನೋಡಲಿಲ್ಲ. ಕೊನೆಯ ಕಾಗದಕ್ಕೆ ಗಾಲಿ ತಿರುಗುವಾಗ ಕಲ್ಲು ಚಟ್ ಅಂತು. ನಟ್ಟನಡುವೆ ಎರಡು ಹೋಳು.

ಸೂರ್ಯ ಹುಟ್ಟಿತು. ಬಾಗಿಲುಗಳು ತೆರೆದವು.

ಮೊದಲು ಸುಮ್ಮನೆ ನೋಡಿದರು. ಅಚ್ಚಿನವಳು ಜಗಲಿಯ ಮೇಲೆ ನಿಂತಿದ್ದಳು. ಇನ್ನೇನು, ಇದು ಯಾರೂ ಅಲ್ಲ ಅನ್ನುತ್ತಾರೆ, ಕಂಬದ ಹಗ್ಗ ಬಿಚ್ಚುತ್ತಾರೆ. ಕ್ಷೌರಿಕ ಕಾಗದದ ಹತ್ತಿರ ಹೋದ, ದೂರ ಬಂದ. ತಿರುಗಿ ಕುಂಬಾರನನ್ನು ನೋಡಿದ.

"ಗದ್ದ ನಿಂದೇ ಅಲ್ವೇನೋ?"

"ನಂದಲ್ಲ ಕಣೋ, ನಮ್ಮಜ್ಜಿದು," ಅಂದ ಕುಂಬಾರ. "ಮೀಸೆ ನೋಡು, ನಿಂದು."

ಅಲ್ಲಿಯೇ ಅವಳ ಲೆಕ್ಕ ತಪ್ಪಿದ್ದು. ಬಿದ್ದವರೆಲ್ಲ ಯಾರು? ಆ ಊರಿನವರ ಅಜ್ಜ ಅಜ್ಜಿಯರೇ. ಯಾರ ಮುಖವೂ ಅಲ್ಲದ ಮುಖ ಎಲ್ಲರ ಮುಖವಾಗಿತ್ತು. ಬಾಗಿಲ ಮೇಲೆ ಯಾರ ಮುಖವೋ ಅವರ ಮೈ ಊರಿನದು.

ಕ್ಷೌರಿಕನ ಮುಷ್ಟಿ ಕುಂಬಾರನ ಹಲ್ಲಿಗೆ ಬಿತ್ತು. ಆ ಸದ್ದಿಗೇ ಕಾದಿದ್ದಂತೆ ಬೀದಿಯೆಲ್ಲ ಎದ್ದಿತು. ಅಣ್ಣ ತಮ್ಮನ ಹಣೆಯಲ್ಲಿ ಕಾಗದದ ಹಣೆ ಕಂಡ, ಹಾರೆ ಎತ್ತಿದ. ಸೊಸೆ ಅತ್ತೆಯ ತುಟಿಯನ್ನು ಗುರುತು ಹಿಡಿದಳು, ಕಾದ ಹಂಚು ತಂದು ಅಲ್ಲಿಗೇ ಒತ್ತಿದಳು. ಡೋಲಿನವನನ್ನು ಅವನ ಡೋಲಿನ ಕೋಲಿನಿಂದಲೇ ಹೊಡೆದರು, ಡೋಲಿನಂತೆ ಸದ್ದಾಗುವವರೆಗೆ ಹೊಡೆದರು, ಸದ್ದು ನಿಂತ ಮೇಲೂ ಹೊಡೆದರು. ಎಣ್ಣೆಯಂಗಡಿಯವನನ್ನು ಬಾವಿಗೆ ನೂಕಿದರು. ನೂಕಿದವನನ್ನು ಅವನ ಹಿಂದೆಯೇ ನೂಕಿದರು. ಯಾರೂ ಬೈಯಲಿಲ್ಲ, ಯಾರೂ ಕಿರುಚಲಿಲ್ಲ. ಹೊಡೆಯುವವರ ಹೂಂ, ತಿನ್ನುವವರ ಹೂಂ, ಇಡೀ ಊರು ಭತ್ತ ಕುಟ್ಟುತ್ತಿದ್ದಂತೆ. ಯಜಮಾನರು ಚಾವಡಿಯ ಮೆಟ್ಟಿಲ ಮೇಲೆ ನಿಂತು, "ಪದ್ಧತಿ! ಪದ್ಧತಿಯ ಪ್ರಕಾರ!" ಅಂತ ಕೂಗುತ್ತಿದ್ದರು. ಅವರ ಹೆಂಡತಿ ಹಿಂದಿನಿಂದ ಬಂದು ಅವರ ಮುಖವನ್ನು ತನ್ನ ಕಡೆಗೆ ತಿರುಗಿಸಿ ನೋಡಿದಳು. ಕಾಗದ ನೋಡಿದಳು. ತುಂಬಿದ ಹಿತ್ತಾಳೆ ಕೊಡವನ್ನು ಎರಡೂ ಕೈಯಲ್ಲಿ ಎತ್ತಿ ದವಡೆಗೆ ಬೀಸಿದಳು.

ಒಬ್ಬನನ್ನು ಮಾತ್ರ ಊರು ಮರೆತಿತ್ತು, ಕಂಬಕ್ಕೆ ಕಟ್ಟಿದವನನ್ನು. ಎಲ್ಲರಿಗೂ ಕೈಗೆಟಕುವಷ್ಟು ಹತ್ತಿರದಲ್ಲಿ ಒಬ್ಬೊಬ್ಬರಿದ್ದರು, ಕಂಬದವರೆಗೆ ಯಾರು ಹೋಗುತ್ತಾರೆ? ಅವನು ಬೆಳಗಿನಿಂದ ಗಂಟಲು ಹರಿಯುವಂತೆ ಕೂಗುತ್ತಿದ್ದ: "ಹೊಡೀತಿದ್ದೀರಿ! ನೋಡ್ರೋ, ಹೊಡೀತಿದ್ದೀರಿ!" ಮಧ್ಯಾಹ್ನದ ಹೊತ್ತಿಗೆ ದಾರಿಯಲ್ಲಿ ಹೋಗುತ್ತಿದ್ದ ಯಾವನೋ ಸೌದೆಯಿಂದ ಅವನ ಬಾಯಿಗೆ ಒಂದು ಕೊಟ್ಟು, ಮುಖವನ್ನೂ ನೋಡದೆ ಮುಂದೆ ಹೋದ.

ಅಚ್ಚಿನವಳು ಅವನ ಕಡೆಗೆ ಓಡಬೇಕಿತ್ತು. ಹೊರಟೂ ಹೊರಟಳು. ಕೈಯಲ್ಲಿ ಮಸಿ ಉರುಳಿಸುವ ಭಾರದ ಉರುಳೆಯಿತ್ತು, ಯಾವಾಗ ಎತ್ತಿಕೊಂಡಳೋ ತಿಳಿಯದು. ಬೀದಿಯ ನಡುವೆ ಎದುರುಮನೆಯ ಅಜ್ಜಿ ಸಿಕ್ಕಳು. ಬಾಗಿಲಿನ ಕಾಗದ ಕಿತ್ತು ಎದೆಗೆ ಹಿಡಿದುಕೊಂಡು ನೆಲದಲ್ಲಿ ಕೂತಿದ್ದಳು.

"ಇದು ನಿಮ್ಮಪ್ಪನ ಹುಬ್ಬು ಕಣೇ," ಅಂದಳು ಅಜ್ಜಿ. "ನನಗೆ ಚೆನ್ನಾಗಿ ಗುರುತಿದೆ."

ಹುಬ್ಬಿನ ಕೆಳಗೆ, ಗಿಣಿಯ ಕೊಕ್ಕಿನ ಪಕ್ಕದಲ್ಲಿ, ಅಚ್ಚಿನವಳಿಗೆ ಅಜ್ಜಿಯದೇ ಬಾಯಿ ಕಂಡಿತು. ಅವಳು ಅಜ್ಜಿಯ ಬಲಗೈ ಹಿಡಿದು ಜಗಲಿಯ ಕಲ್ಲಿನ ಮೇಲೆ ಇಡಿಸಿದಳು. ಉರುಳೆ ಎತ್ತಿದಳು. ಹೂಂ.

"ಬಿದ್ದೆ ಕಣೇ," ಅಂದಳು ಅಜ್ಜಿ. "ಬಿದ್ದೆ. ಬಿದ್ದೆ."

ಆ ಮಾತು ಕೇಳಿದ ಮೇಲೂ ಅವಳು ನಿಲ್ಲಿಸಲಿಲ್ಲ. ಕೇಳಿದ್ದರಿಂದಲೇ ಇನ್ನಷ್ಟು ಹೊಡೆದಳು. ಯಾರೋ ಹಿಂದಿನಿಂದ ಅವಳ ಹೆಗಲಿಗೆ ಹಾರೆ ಇಳಿಸಿದಾಗಲೇ ಉರುಳೆ ಕೈಬಿಟ್ಟದ್ದು.

ಸೂರ್ಯ ಮುಳುಗಿತು. ಡೋಲು ಬಾರಿಸಲು ಯಾರೂ ಇರಲಿಲ್ಲ. ಎತ್ತುವ ಶಕ್ತಿಯಿದ್ದ ಕೈ ಉಳಿದಿರಲಿಲ್ಲವಾಗಿ ಹೊಡೆತ ತಾನಾಗಿಯೇ ನಿಂತಿತು.

ಮರುಬೆಳಿಗ್ಗೆ ತೆವಳಬಲ್ಲವರೆಲ್ಲ ಚಾವಡಿಗೆ ತೆವಳಿಕೊಂಡು ಬಂದರು. ಉಪ್ಪಿನ ಗಂಟು ಯಾರ ಕೈಯಲ್ಲೂ ಇರಲಿಲ್ಲ. ಯಾರು ಯಾರಿಗೆ ತರುವುದು? ಯಜಮಾನರು ದವಡೆಗೆ ಶಾಲು ಬಿಗಿದುಕೊಂಡು ಬಂದು, ಪಂಚಾಂಗದಿಂದ ನಿನ್ನೆಯ ಹಾಳೆ ಕಿತ್ತರು. ನೀರಿನಲ್ಲಿ ಅದ್ದಿ ಬಾಯಿಗಿಟ್ಟರು. ದವಡೆ ಅಲ್ಲಾಡಲಿಲ್ಲ. ಅಂಬಲಿಯ ಜೊತೆ ಬಿಟ್ಟು ನೋಡಿದರು. ಅಂಬಲಿ, ರಕ್ತ, ಹಾಳೆ ಮೂರೂ ಗದ್ದದ ಮೇಲೆ ಇಳಿದು ಬಂದವು. ಬೆರಳಿನಿಂದ ತುರುಕಿದರು, ಕೆಮ್ಮಿದರು, ಹಾಳೆ ನೆಲಕ್ಕೆ ಬಿತ್ತು. ನುಂಗಿಕೊಳ್ಳಿ ಅಂತ ಊರಿನವರಿಗೆ ಸನ್ನೆ ಮಾಡಿದರು. ಯಾರೂ ಮುಂದೆ ಬರಲಿಲ್ಲ. ಕಲ್ಲು ಅರೆ ಅಂತ ಅಚ್ಚಿನವಳಿಗೆ ಸನ್ನೆ ಮಾಡಿದರು. ಅರೆಯಬಾರದು ಅಂದವರೇ! ಅವಳು ಕಲ್ಲಿನ ಹೋಳುಗಳನ್ನು ತೋರಿಸಿದಳು. ಅರ್ಧ ಮುಖ ಆ ಕಡೆ, ಅರ್ಧ ಮುಖ ಈ ಕಡೆ.

ಯಜಮಾನರ ಹೆಂಡತಿಗೆ ತಡೆಯಲಾಗಲಿಲ್ಲ. ಅವಳ ಬಾಯಿಂದ ಅಭ್ಯಾಸದ ಮಾತೇ ಬಂತು. "ಏನಮ್ಮಾ, ಬಿದ್ದೆಯಾ?"

ಅಚ್ಚಿನವಳು ತಮ್ಮನ ಕಡೆ ನೋಡಿದಳು. ಕಂಬದಿಂದ ಬಿಚ್ಚಿ ತಂದು ಗೋಡೆಗೆ ಒರಗಿಸಿದ್ದಳು. ಅವನ ಬಾಯಿ ಬಾಯಾಗಿರಲಿಲ್ಲ. ಆದರೂ ಉಸಿರಾಡುತ್ತಿದ್ದ, ಅವಳನ್ನೇ ನೋಡುತ್ತಿದ್ದ.

"ಇಲ್ಲ," ಅಂದಳು. "ನಾನು ಬೀಳಲಿಲ್ಲ. ಹೊಡೆದಿರಿ. ನಾನೂ ಹೊಡೆದೆ, ಎದುರುಮನೆ ಅಜ್ಜಿಯನ್ನ."

ಯಾರೂ ಕಿವಿ ಮುಚ್ಚಲಿಲ್ಲ. ಮುಚ್ಚಲು ಕೈ ಎತ್ತಬೇಕಲ್ಲ.

ಮೂಲೆಯಿಂದ ಅಜ್ಜಿಯ ದನಿ ಬಂತು. ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿ ಕೂಸಿನ ಹಾಗೆ ಇಟ್ಟುಕೊಂಡಿದ್ದಳು. "ನಾನು ನಿಮ್ಮಪ್ಪನ್ನ ಹೊಡೆದೆ ಕಣೇ."

"ಯಾವತ್ತು?"

ಅಜ್ಜಿ ತಂತಿಯ ಹಾಳೆಗಳ ಕಡೆ ನೋಡಿದಳು. ಕಣ್ಣಲ್ಲಿ ನೀರು ತುಂಬಿತು. "ಎಲ್ಲಿಂದ ಹೇಳಲೇ? ಆ ದಿನವನ್ನ ನುಂಗಿಬಿಟ್ಟರಲ್ಲ."

ಅಚ್ಚಿನವಳು ಬಗ್ಗಿ, ಒಳ್ಳೆಯ ಕೈಯಿಂದ ನೆಲದ ಮೇಲಿನ ಒದ್ದೆ ಹಾಳೆ ಎತ್ತಿಕೊಂಡಳು. ಮೊಣಕಾಲಿನ ಮೇಲೆ ಹರವಿ ಸವರಿದಳು, ಕಾಗದ ಸವರಿ ಪಳಗಿದ ಕೈ, ಎಲ್ಲೂ ಹರಿಯಲಿಲ್ಲ. ತಂತಿಯ ಹತ್ತಿರ ಹೋಗಿ, ಮಂಗಳವಾರದ ಮೇಲೆ ಅದನ್ನು ಚುಚ್ಚಿದಳು. ಯಜಮಾನರು ಗಂಟಲಲ್ಲಿ ಏನೋ ಸದ್ದು ಮಾಡಿದರು. ಯಾರೂ ತಿರುಗಿ ನೋಡಲಿಲ್ಲ. ಎಲ್ಲರೂ ಹಾಳೆಯನ್ನೇ ನೋಡುತ್ತಿದ್ದರು. ಬಾಯಿ ನೆಟ್ಟಗಿದ್ದವರು ಗಟ್ಟಿಯಾಗಿ ಓದಿದರು, ಉಳಿದವರು ಒಳಗೇ ಓದಿಕೊಂಡರು.

ರಕ್ತದ ಕಲೆಯಿದೆ, ಅಂಬಲಿಯ ಕಲೆಯಿದೆ, ಹಲ್ಲಿನ ಗುರುತೂ ಇದೆ. ಆದರೆ ಅಕ್ಷರ ಸ್ಪಷ್ಟವಾಗಿದೆ: ಭಾದ್ರಪದ ಬಹುಳ ಷಷ್ಠಿ, ಬುಧವಾರ.